ಕಾರಿನ ಬಿಳಿ ಕಲೆಗೆ ಟವೆಲ್ ಹೊಣೆಯೇ?

ಪಾವಗಡ ತಾಲೂಕಿನ ಕ್ಯಾತಗಾನಚೆರ್ಲುವಿನಿಂದ ಓದುಗ ಸಹೋದರಿಯೊಬ್ಬರು ಈ ಸಲ ಸ್ವಲ್ಪ ಬೇರೆ ರೀತಿಯ ಪ್ರಶ್ನೆ ಕಳುಹಿಸಿದ್ದಾರೆ. ಅವರ ಮನೆಯವರು ಹಳದಿ ಬೋರ್ಡಿನ ಕಾರೊಂದನ್ನು ಸೋಲಾರ್ ಕಂಪನಿಯವರಿಗೆ ಬಾಡಿಗೆಗೆ ಓಡಿಸುತ್ತಾರೆ. ದಿನಾ ಬೆಳಿಗ್ಗೆ ಕಾರು ತೊಳೆದು, ಮೈಕ್ರೋಫೈಬರ್ ಟವೆಲಿನಿಂದ ಒರೆಸಿ, ಆ ಟವೆಲನ್ನು ಒಗೆಯುವ ಬಟ್ಟೆಗಳ ರಾಶಿಗೆ ಎಸೆದು ಹೋಗುತ್ತಾರೆ. ಇತ್ತೀಚೆಗೆ ಕಾರಿನ ಬಾನೆಟ್ ಮತ್ತು ಗಾಜಿನ ಮೇಲೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡಿವೆ. ಕಾರಿನಲ್ಲಿ ಕೂರುವ ಸಾಹೇಬರು ಅದನ್ನು ನೋಡಿ ಏನೋ ಅಂದರಂತೆ. ಮನೆಗೆ ಬಂದವರು, "ನೀನು ಟವೆಲ್ ಸರಿಯಾಗಿ ಒಗೆಯುತ್ತಿಲ್ಲ" ಎಂದು ರೇಗಿದ್ದಾರೆ. ಈ ಸಹೋದರಿ ಅಂದಿನಿಂದ ಎರಡೆರಡು ಸಲ ಪೌಡರ್ ಹಾಕಿ ಒಗೆದು, ಕೊನೆಗೆ ಕಂಫರ್ಟ್‌ನಲ್ಲಿ ಅದ್ದಿ ಹಿಂಡುತ್ತಿದ್ದಾರೆ. ಚುಕ್ಕೆಗಳು ಕಡಿಮೆಯಾಗುವ ಬದಲು ಹೆಚ್ಚಾಗಿವೆ. ನಲ್ಲಿಯಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ. "ಈ ಟವೆಲನ್ನು ನಿಜವಾಗಿ ಎಷ್ಟು ದಿನಕ್ಕೊಮ್ಮೆ ಒಗೆಯಬೇಕು, ಹೇಳಿ" ಎಂದು ಕೇಳಿದ್ದಾರೆ.

ಕಾರಿನ ಟವೆಲಿನ ಬಗ್ಗೆ ಅಂಕಣ ಬರೆಯುವುದೇ ಎಂದು ನಗಬೇಡಿ. ಒಂದು ಮನೆಯ ದುಡಿಮೆ ಆ ಕಾರಿನ ಮೇಲೆ ನಿಂತಿದೆ. ಒಬ್ಬ ಹೆಣ್ಣುಮಗಳ ಮೇಲೆ ಸುಮ್ಮನೆ ಒಂದು ಆರೋಪ ಬಂದಿದೆ. ನೀರಿಗೆ ಬರವಿರುವ ಊರಿನಲ್ಲಿ ದಿನಕ್ಕೆ ಎರಡು ಮೂರು ಬಕೆಟ್ ನೀರು ಚರಂಡಿಗೆ ಹೋಗುತ್ತಿದೆ. ಆದ್ದರಿಂದ ಮೊದಲು ಆರೋಪದ ವಿಚಾರಣೆ ಮಾಡೋಣ.

ಆ ಬಿಳಿ ಚುಕ್ಕೆ ಟವೆಲಿನಿಂದ ಬಂದದ್ದಲ್ಲ, ನೀರಿನಿಂದ ಬಂದದ್ದು. ಪಾವಗಡದ ಬೋರ್‌ವೆಲ್ ನೀರೆಂದರೆ ಎಲ್ಲರಿಗೂ ಫ್ಲೋರೈಡ್ ನೆನಪಾಗುತ್ತದೆ. ಹಲ್ಲಿನ ಮೇಲೆ ಕಂದು ಗೆರೆ, ಮೂಳೆ ನೋವು ಎಲ್ಲಾ ಅದರ ಕೊಡುಗೆ. ಆದರೆ ಕಾರಿನ ಮೇಲಿನ ಚುಕ್ಕೆಗೆ ಫ್ಲೋರೈಡ್ ಕಾರಣವಲ್ಲ. ನೀರಿನ ಗಡಸುತನ ಕಾರಣ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾದರೆ ಅದನ್ನು ಗಡಸು ನೀರು ಎನ್ನುತ್ತೇವೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಈ ಗಡಸುತನ 200 ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲವೆಂದರೆ 600ರವರೆಗೆ ಸಹಿಸಿಕೊಳ್ಳಬಹುದು. ನೀರಿನ ಹನಿ ಆರಿದಾಗ ನೀರು ಮಾತ್ರ ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಅನ್ನದ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ವಸ್ತು ಇದು.

ನಂಬಿಕೆ ಬರದಿದ್ದರೆ ಒಂದು ಸ್ಟೀಲ್ ತಟ್ಟೆಯನ್ನು ಚೆನ್ನಾಗಿ ಒರೆಸಿ, ಅದರ ಮೇಲೆ ನಿಮ್ಮ ನಲ್ಲಿಯ ನೀರಿನ ನಾಲ್ಕು ಹನಿ ಹಾಕಿ ಬಿಸಿಲಿಗಿಡಿ. ಪಕ್ಕದಲ್ಲಿ ಮಳೆ ನೀರಿನ ನಾಲ್ಕು ಹನಿ ಹಾಕಿ. ಹತ್ತು ನಿಮಿಷದ ನಂತರ ನೋಡಿದರೆ ಯಾರು ಹೊಣೆ ಎಂದು ತಟ್ಟೆಯೇ ಹೇಳುತ್ತದೆ. ಅಲ್ಲಿ ಟವೆಲ್ ಇರುವುದೇ ಇಲ್ಲ! ಇನ್ನೊಂದು ಪರೀಕ್ಷೆಯೂ ಇದೆ. ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಮೈಗೆ ಹಚ್ಚುವ ಸೋಪಿನ ಚೂರು ಹಾಕಿ ಕುಲುಕಿ. ನೊರೆ ಬರದೆ ಮೊಸರಿನಂತೆ ಒಡೆದು ಬಿಳಿ ಕೆನೆ ತೇಲಿದರೆ ನೀರು ಗಡಸು. ಇದನ್ನು ಬಟ್ಟೆಯ ಪೌಡರಿನಿಂದ ಮಾಡಬೇಡಿ, ಅದು ಗಡಸು ನೀರಿನಲ್ಲೂ ನೊರೆ ಕೊಟ್ಟು ದಾರಿ ತಪ್ಪಿಸುತ್ತದೆ.

ಹಾಗಾದರೆ ಕಾರಿನ ಮೇಲೆ ಚುಕ್ಕೆ ಏಕೆ ಉಳಿಯಿತು? ಟವೆಲ್ ಮುಟ್ಟುವ ಮೊದಲೇ ಹನಿ ಆರಿ ಹೋದದ್ದರಿಂದ. ಅಥವಾ ಟವೆಲ್ ನೀರನ್ನು ಹೀರದೆ ಅತ್ತಿಂದಿತ್ತ ತಳ್ಳಿದ್ದರಿಂದ. ಈ ಎರಡನೆಯದಕ್ಕೆ ಕಂಫರ್ಟ್ ಕಾರಣ. ಪಾಪ, ನಮ್ಮ ಸಹೋದರಿ ಹೆಚ್ಚು ಶ್ರದ್ಧೆ ವಹಿಸಿದಷ್ಟೂ ಟವೆಲ್ ಕೆಟ್ಟಿದೆ. ಅದು ಹೇಗೆಂದು ತಿಳಿಯಲು ಆ ಬಟ್ಟೆ ಏನೆಂದು ನೋಡಬೇಕು.

ಮೈಕ್ರೋಫೈಬರ್ ಎಂದರೆ ಹತ್ತಿಯಲ್ಲ. ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಎಳೆಗಳನ್ನು ಸೇರಿಸಿ ಮಾಡಿದ ಬಟ್ಟೆ. ಹೆಚ್ಚಾಗಿ ನೂರರಲ್ಲಿ ಎಂಬತ್ತು ಪಾಲು ಪಾಲಿಯೆಸ್ಟರ್, ಇಪ್ಪತ್ತು ಪಾಲು ಪಾಲಿಅಮೈಡ್ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಇದರ ಎಳೆ ಎಷ್ಟು ಸಣ್ಣದೆಂದರೆ 9,000 ಮೀಟರ್ ಉದ್ದದ ಎಳೆಯನ್ನು ತೂಗಿದರೆ ಒಂದು ಗ್ರಾಂ ಕೂಡ ಬರುವುದಿಲ್ಲ. 1970ರಲ್ಲಿ ಜಪಾನಿನ ಟೋರೆ ಕಂಪನಿಯ ಮಿಯೋಶಿ ಒಕಾಮೊಟೊ ಇಂತಹ ಅತಿ ಸಣ್ಣ ಎಳೆಯಿಂದ ಕೃತಕ ಚರ್ಮದಂತಹ ಬಟ್ಟೆ ತಯಾರಿಸಿದರು. ಒರೆಸುವ ಬಟ್ಟೆಯಾಗಿ ಅದು ಬಂದದ್ದು ಆಮೇಲೆ. ಎಳೆಯನ್ನು ಸೀಳಿರುವುದರಿಂದ ಅದರ ನಡುವೆ ಲೆಕ್ಕವಿಲ್ಲದಷ್ಟು ಸಂದುಗಳಿರುತ್ತವೆ. ನೀರು ಹೋಗಿ ಕೂರುವುದು ಆ ಸಂದುಗಳಲ್ಲಿ. ಧೂಳು ಸಿಕ್ಕಿಕೊಳ್ಳುವುದೂ ಅಲ್ಲೇ. ಬಟ್ಟೆಯನ್ನು ಮೆತ್ತಗೆ ಮಾಡುವ ದ್ರಾವಣಗಳು ಎಳೆಯ ಮೇಲೆ ಜಿಡ್ಡಿನಂತಹ ಪದರ ಬಿಡುತ್ತವೆ. ಅದರಿಂದಲೇ ಸೀರೆ ದುಪಟ್ಟಾ ಮೃದುವಾಗುವುದು. ಈ ಟವೆಲಿನಲ್ಲಿ ಅದೇ ಪದರ ಸಂದುಗಳನ್ನು ಮುಚ್ಚಿಬಿಡುತ್ತದೆ. ಕೈಗೆ ಮೆತ್ತಗೆ, ನೀರಿಗೆ ಪ್ಲಾಸ್ಟಿಕ್ ಹಾಳೆ! ಗಡಸು ನೀರಿನಲ್ಲಿ ಸರಿಯಾಗಿ ಕರಗದ ಪೌಡರ್ ಮತ್ತು ಬಟ್ಟೆ ಸೋಪು ಕೂಡ ಇದೇ ಕೆಲಸ ಮಾಡುತ್ತವೆ.

ಈಗ ಪ್ರಶ್ನೆಗೆ ಬರೋಣ. ಎಷ್ಟು ದಿನಕ್ಕೊಮ್ಮೆ?

ದಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟವೆಲ್ ಏನನ್ನು ಮುಟ್ಟಿತು ಎಂಬುದೇ ಲೆಕ್ಕ. ಚೆನ್ನಾಗಿ ತೊಳೆದು, ನೀರು ಸುರಿದು, ಧೂಳೆಲ್ಲ ಹೋದ ಕಾರಿನ ಮೈಯನ್ನು ಮಾತ್ರ ಅದು ಒರೆಸಿದ್ದರೆ ಅದರಲ್ಲಿ ಕೊಳೆಯೇ ಇಲ್ಲ, ನೀರು ಮಾತ್ರ ಇದೆ. ಅಂತಹ ಟವೆಲನ್ನು ಅರ್ಧ ಬಕೆಟ್ ನೀರಿನಲ್ಲಿ ಅಲ್ಲಾಡಿಸಿ, ಹಿಂಡಿ, ಒಣಗಿಸಿದರೆ ಸಾಕು. ಸೋಪಿನ ನೀರಿನಲ್ಲಿ ಒಗೆಯುವುದು ಮೂರು ಸಲ ಬಳಸಿದ ಮೇಲೆ. ಪ್ರತಿ ಸಲವೂ ಒಗೆಯಲೇಬೇಕು ಎಂದು ಕಾರು ಪಾಲಿಷ್ ಮಾಡುವ ಅಂಗಡಿಯವರು ಹೇಳುತ್ತಾರೆ. ಅವರ ಕೈಗೆ ದಿನಕ್ಕೆ ಹತ್ತು ಮಂದಿಯ ಹತ್ತು ಬಗೆಯ ಕಾರು ಬರುತ್ತದೆ, ಅವರಿಗೆ ಅದು ಸರಿ. ಒಂದೇ ಕಾರು, ಒಂದೇ ಟವೆಲ್ ಇರುವ ಮನೆಗೆ, ಅದೂ ಪಾವಗಡದಂತಹ ಕಡೆ, ಆ ನಿಯಮ ದುಬಾರಿ.

ಆದರೆ ತೊಳೆಯದ ಕಾರಿನ ಮೇಲೆ, ಒಣ ಧೂಳಿನ ಮೇಲೆ ಅದೇ ಟವೆಲನ್ನು ಎಳೆದಿದ್ದರೆ ಪ್ರತಿ ಸಲವೂ ಒಗೆಯಬೇಕು. ನಿಜ ಹೇಳಬೇಕೆಂದರೆ ಹಾಗೆ ಎಳೆಯಲೇ ಬಾರದು. ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಕಾರಿನ ಬಣ್ಣದ ಮೇಲಿರುವ ಹೊಳಪಿನ ಪದರ ಒಂದು ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಿರುವುದಿಲ್ಲ. ಮರಳು ಅದಕ್ಕಿಂತ ಎಷ್ಟೋ ಗಟ್ಟಿ. ಬಿಸಿಲಿನಲ್ಲಿ ಕೆಲವು ಕಾರುಗಳ ಮೈಮೇಲೆ ಜೇಡರ ಬಲೆಯಂತೆ ಸುತ್ತು ಸುತ್ತು ಗೆರೆಗಳು ಕಾಣುತ್ತವೆ. ಅದು ಹೀಗೆ ಒರೆಸಿದ್ದರ ಗುರುತು. ಕಾರು ಮಾರುವ ದಿನ ದಲ್ಲಾಳಿ ಮೊದಲು ನೋಡುವುದೂ ಅದನ್ನೇ.

ಟವೆಲ್ ಕೈ ಜಾರಿ ನೆಲಕ್ಕೆ ಬಿದ್ದರೆ ಕೊಡವಿ ಮತ್ತೆ ಬಳಸುವುದು ಬೇಡ, ಆಗಲೇ ಒಗೆಯಲಿಕ್ಕೆ ಹೋಗಬೇಕು. ಎಳೆಗಳ ಸಂದಿನಲ್ಲಿ ಸಿಕ್ಕ ಮರಳು ಕೊಡವಿದರೆ ಬೀಳುವುದಿಲ್ಲ. ಹೊಸ ಟವೆಲನ್ನು ಬಳಸುವ ಮೊದಲು ಒಮ್ಮೆ ಒಗೆದು, ಅಂಚಿನ ಚೀಟಿಯನ್ನು ಬಿಚ್ಚಿ ತೆಗೆಯಿರಿ. ಪಾಲಿಷ್ ಅಥವಾ ಮೇಣ ಒರೆಸಿದ ಬಟ್ಟೆ ಬೇರೆಯೇ ಇರಲಿ. ಲೆಕ್ಕ ಮರೆತು ಹೋದರೆ ಟವೆಲನ್ನೇ ಕೇಳಿ. ಗಾಜಿನ ಮೇಲೆ ಸ್ವಲ್ಪ ನೀರು ಚೆಲ್ಲಿ ಟವೆಲ್ ಇಟ್ಟು ಎತ್ತಿದಾಗ ನೀರು ಹೋಗದೆ ಉಳಿದರೆ, ಮೂಗಿಗೆ ಹಿಡಿದಾಗ ಮುಗ್ಗಲು ವಾಸನೆ ಬಂದರೆ, ಅಂಗೈ ಮೇಲೆ ಎಳೆದಾಗ ಗಡುಸಾಗಿ ಚುಚ್ಚಿದರೆ, ಒಗೆಯುವ ದಿನ ಬಂದಿದೆ.

ಇಷ್ಟು ಹೇಳುವಾಗ ಕ್ಯಾತಗಾನಚೆರ್ಲುವಿನವರಿಗೆ ಕಣ್ಣ ಮುಂದಿನ ಉದಾಹರಣೆಯೊಂದು ನೆನಪಾಗಬೇಕು. ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಸೋಲಾರ್ ಪಾರ್ಕ್ ಹಬ್ಬಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿಯಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆಯಿಂದ ಶುರುವಾದ ಜಮೀನು ಅದು. ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಗಾಜಿನ ಫಲಕಗಳು. ಅವುಗಳ ಮೇಲೂ ಅದೇ ಧೂಳು ಕೂರುತ್ತದೆ, ಅದೇ ಬಿಸಿಲು ಬೀಳುತ್ತದೆ. ಧೂಳು ಕೂತರೆ ಕರೆಂಟು ಕಡಿಮೆ, ಆದ್ದರಿಂದ ತೊಳೆಯಲೇಬೇಕು. ಸೋಲಾರ್ ಫಲಕಗಳನ್ನು ತೊಳೆಯುವಾಗ ಎರಡು ವಿಷಯಕ್ಕೆ ತುಂಬಾ ಎಚ್ಚರ ವಹಿಸಬೇಕೆಂದು ಅವನ್ನು ತಯಾರಿಸುವವರು ಹೇಳುತ್ತಾರೆ. ಒಂದು, ಗಾಜು ಕಾದಿರುವಾಗ ತೊಳೆಯಬಾರದು. ಮುಂಜಾನೆ ಅಥವಾ ಸಂಜೆಯ ನಂತರ ತೊಳೆಯಬೇಕು. ಎರಡು, ಗಡಸು ನೀರು ಗಾಜಿನ ಮೇಲೆ ಆರಿ ಕಲೆಯಾಗಲು ಬಿಡಬಾರದು. ಉಪ್ಪು ತೆಗೆದ ನೀರು ಒಳ್ಳೆಯದು. ಕೆಲವು ಸೋಲಾರ್ ಪಾರ್ಕುಗಳಲ್ಲಿ ನೀರೇ ಇಲ್ಲದೆ, ಮೈಕ್ರೋಫೈಬರ್ ಕಟ್ಟಿದ ಯಂತ್ರಗಳು ರಾತ್ರಿ ಹೊತ್ತು ಫಲಕದ ಮೇಲೆ ಓಡಾಡಿ ಧೂಳು ತಳ್ಳುತ್ತವೆ. ಫಲಕಕ್ಕೆ ಇಷ್ಟು ಕಾಳಜಿ ಇರುವಾಗ, ಅವರನ್ನು ಕರೆದೊಯ್ಯುವ ಕಾರನ್ನು ಮಾತ್ರ ಒಂಬತ್ತು ಗಂಟೆಯ ಬಿಸಿಲಿನಲ್ಲಿ ನಿಲ್ಲಿಸಿ ಬೋರ್ ನೀರು ಸುರಿದರೆ ಚುಕ್ಕೆ ಬೀಳದೆ ಇನ್ನೇನಾಗುತ್ತದೆ?

ಆದ್ದರಿಂದ ನಿಮ್ಮ ಮನೆಯವರಿಗೆ ಹೇಳಬೇಕಾದ ಮಾತು ಇಷ್ಟು. ಕಾರನ್ನು ಫಜ್ರ್ ಆದ ಕೂಡಲೇ, ಬಿಸಿಲು ಏರುವ ಮೊದಲು, ಅಥವಾ ನೆರಳಿನಲ್ಲಿ ನಿಲ್ಲಿಸಿ ತೊಳೆಯಲಿ. ಇಡೀ ಕಾರಿಗೆ ನೀರು ಹೊಯ್ದು ಆಮೇಲೆ ಒರೆಸಲು ಹೊರಡುವುದಲ್ಲ. ಮೊದಲು ಚಾವಣಿ, ಅದು ಒರೆಸಿ ಮುಗಿದ ಮೇಲೆ ಬಾನೆಟ್, ಆಮೇಲೆ ಬಾಗಿಲುಗಳು. ಟವೆಲನ್ನು ನಾಲ್ಕು ಮಡಿಕೆ ಮಾಡಿಕೊಂಡರೆ ಎಂಟು ಮುಖ ಸಿಗುತ್ತದೆ, ಒಂದು ಒದ್ದೆಯಾದಂತೆ ಇನ್ನೊಂದಕ್ಕೆ ತಿರುಗಿಸಬಹುದು. ಒತ್ತಿ ತಿಕ್ಕುವ ಅಗತ್ಯವಿಲ್ಲ, ಹಾಸಿ ಮೆಲ್ಲನೆ ಎಳೆದರೆ ಸಾಕು. ಮಳೆ ನೀರು ಹಿಡಿದಿಟ್ಟಿದ್ದರೆ ಕೊನೆಯ ಒಂದು ಬಿಂದಿಗೆಯನ್ನು ಅದರಿಂದ ಸುರಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಎಚ್ಚರಿಕೆ. ಶುದ್ಧ ಕುಡಿಯುವ ನೀರಿನ ಘಟಕದ ಹಿಂಬದಿಯಿಂದ ಹರಿದು ಹೋಗುವ ನೀರನ್ನು ವ್ಯರ್ಥ ಮಾಡಬಾರದೆಂದು ಕೆಲವರು ತಂದು ಕಾರು ತೊಳೆಯುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ಘಟಕ ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಆ ನೀರಿನಲ್ಲೇ ಸೇರಿಕೊಂಡಿರುತ್ತದೆ, ಅದು ಬೋರ್ ನೀರಿಗಿಂತಲೂ ಗಡಸು. ಚಕ್ರಕ್ಕೆ, ಮಡ್‌ಗಾರ್ಡಿನ ಕೆಸರಿಗೆ ಬಳಸಲಿ. ಕಾರಿನ ಮೈಗೆ, ಗಾಜಿಗೆ ಮತ್ತು ಈ ಟವೆಲಿಗೆ ಬೇಡ. ಇತ್ತ ಘಟಕದಿಂದ ಕ್ಯಾನಿಗೆ ತುಂಬಿಸಿಕೊಂಡು ಬರುವ ಒಳ್ಳೆಯ ನೀರು ಮಕ್ಕಳು ಕುಡಿಯಲಿಕ್ಕೆ, ಅದನ್ನೂ ಕಾರಿಗೆ ಸುರಿಯುವುದು ಬೇಡ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾದಾಗ ಕುಡಿಯುವ ನೀರಿನಲ್ಲಿ ವಾಹನ ತೊಳೆಯಬಾರದೆಂದು ಜಲಮಂಡಳಿ ಆದೇಶ ಹೊರಡಿಸಿತ್ತು. ತಪ್ಪಿದವರಿಗೆ 5,000 ರೂಪಾಯಿ ದಂಡ. ಕೆಲವೇ ದಿನಗಳಲ್ಲಿ 22 ಮನೆಗಳವರಿಂದ 1.1 ಲಕ್ಷ ರೂಪಾಯಿ ವಸೂಲಾಯಿತು. ಪಾವಗಡದ ಹೆಣ್ಣುಮಕ್ಕಳಿಗೆ ಈ ಪಾಠವನ್ನು ಯಾರೂ ದಂಡ ಹಾಕಿ ಕಲಿಸಬೇಕಾಗಿಲ್ಲ, ಕೊಡ ಹೊತ್ತ ಸೊಂಟಕ್ಕೆ ಅದು ಗೊತ್ತಿದೆ.

ಈಗ ಒಗೆಯುವ ವಿಧಾನ. ಅರ್ಧ ಬಕೆಟ್ ತಣ್ಣೀರು ಅಥವಾ ಕೈಗೆ ಹಿತವಾಗುವ ಉಗುರುಬೆಚ್ಚಗಿನ ನೀರು. ಕುದಿಯುವ ನೀರು ಬೇಡ, ಇದು ಪ್ಲಾಸ್ಟಿಕ್ ಜಾತಿಯ ಎಳೆ, ಸುಕ್ಕಿ ಗಡುಸಾಗುತ್ತದೆ. ಅದೇ ಕಾರಣಕ್ಕೆ ಇಸ್ತ್ರಿಯೂ ಬೇಡ. ಒಂದು ಚಮಚ ಬಟ್ಟೆಯ ದ್ರವ ಸೋಪು ಸಾಕು. ಪೌಡರ್ ಮಾತ್ರ ಇದ್ದರೆ ಮೊದಲು ಒಂದು ಲೋಟ ಬಿಸಿ ನೀರಿನಲ್ಲಿ ಪೂರ್ತಿ ಕರಗಿಸಿ ಬಕೆಟ್‌ಗೆ ಹಾಕಿ, ಕರಗದ ಕಾಳು ಬಟ್ಟೆಯಲ್ಲಿ ಉಳಿದರೆ ಅದೇ ಗೀರು ಹಾಕುತ್ತದೆ. ಹದಿನೈದು ನಿಮಿಷ ನೆನೆಸಿ, ಕೈಯಲ್ಲಿ ಹಿಸುಕಿ. ಕಲ್ಲಿಗೆ ಬಡಿಯುವುದು, ಬ್ರಷ್ ಹಾಕಿ ಉಜ್ಜುವುದು, ಸೋಪಿನ ಬಿಲ್ಲೆ ತಿಕ್ಕುವುದು ಬೇಡ. ಎರಡು ಸಲ ಜಾಲಾಡಿ, ಎರಡನೆಯ ಸಲದ ನೀರಿನಲ್ಲಿ ನೊರೆ ಕಾಣಬಾರದು. ಹತ್ತಿ ಬಟ್ಟೆಗಳ ಜೊತೆ ನೆನೆಸಿದರೆ ಅವುಗಳ ನೂಲಿನ ಜೂಲೆಲ್ಲ ಈ ಟವೆಲಿಗೆ ಅಂಟಿಕೊಂಡು, ನಾಳೆ ಕಾರಿನ ಗಾಜಿನ ಮೇಲೆ ಕಾಣಿಸುತ್ತದೆ. ಚಕ್ರ ಒರೆಸಿದ ಬಟ್ಟೆಯಂತೂ ಮನೆಯ ಬಕೆಟ್‌ಗೇ ಬರಬಾರದು. ಅದರಲ್ಲಿ ಬ್ರೇಕಿನ ಪುಡಿ, ಎಣ್ಣೆ, ಬೀದಿ ನಾಯಿಗಳು ಚಕ್ರಕ್ಕೆ ಮಾಡಿದ ಗಲೀಜು ಎಲ್ಲಾ ಇರುತ್ತದೆ. ನಮಾಝಿಗೆ ಉಡುವ ಬಟ್ಟೆ ನೆನೆಯುವ ಬಕೆಟ್ ಅದು.

ಈಗಾಗಲೇ ಹೀರುವ ಶಕ್ತಿ ಕಳೆದುಕೊಂಡ ಟವೆಲನ್ನು ಎಸೆಯಬೇಕಾಗಿಲ್ಲ. ಮೊದಲು ಮೇಲೆ ಹೇಳಿದಂತೆ ಎರಡು ಸಲ ಒಗೆದು ಜಿಡ್ಡು ತೆಗೆಯಿರಿ. ನಂತರ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲದ ಒಂದು ಚಮಚವನ್ನು ಅರ್ಧ ಬಕೆಟ್ ನೀರಿಗೆ ಹಾಕಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಾಡಿ. ಎಳೆಯ ಸಂದಿನಲ್ಲಿ ಕೂತ ಸುಣ್ಣದಂಶ ಕರಗಿ ಹೋಗುತ್ತದೆ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಆದರೆ ನಿಂಬೆ ಉಪ್ಪು, ವಿನೆಗರ್ ಯಾವುದನ್ನೇ ಆಗಲಿ ಬ್ಲೀಚಿಂಗ್ ಪೌಡರಿನ ಜೊತೆ ಬೆರೆಸಬೇಡಿ. ವಿಷದ ಗಾಳಿ ಹೊರಡುತ್ತದೆ, ಬಾಗಿಲು ಹಾಕಿದ ಬಚ್ಚಲಿನಲ್ಲಿ ಜೀವಕ್ಕೆ ಅಪಾಯ.

ಒಣಗಿಸುವ ವಿಷಯದಲ್ಲಿ ಒಳನಾಡಿನವರಿಗೆ ಒಂದು ಮಾತು, ಕರಾವಳಿಯವರಿಗೆ ಒಂದು ಮಾತು. ಪಾವಗಡದ ಕಡೆ ಟವೆಲನ್ನು ಬಳ್ಳಾರಿ ಜಾಲಿಯ ಬೇಲಿಯ ಮೇಲೆ ಎಸೆಯುವ ರೂಢಿ ಇದೆ. ಮುಳ್ಳಿಗೆ ಎಳೆ ಸಿಕ್ಕಿ ಕಿತ್ತು ಬರುತ್ತದೆ, ಗಾಳಿಗೆ ಹಾರಿದ ಮರಳೂ ಅಂಟುತ್ತದೆ. ಒಗೆದದ್ದೇ ವ್ಯರ್ಥ. ಮನೆಯೊಳಗೆ ಅಥವಾ ಪಡಸಾಲೆಯಲ್ಲಿ ಹಗ್ಗಕ್ಕೆ ಹಾಕಿ, ಆ ಒಣಹವೆಯಲ್ಲಿ ನೆರಳಿನಲ್ಲೇ ಬೇಗ ಒಣಗುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಪಾವಗಡದಲ್ಲಿ ಅದರ ಐದನೇ ಒಂದು ಪಾಲೂ ಇಲ್ಲ. ಕರಾವಳಿಯ ಸಹೋದರಿಯರಿಗೆ ಧೂಳಿಗಿಂತ ಮುಗ್ಗಲೇ ಶತ್ರು. ಒದ್ದೆ ಟವೆಲನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಡಿಕ್ಕಿಯಲ್ಲಿಟ್ಟರೆ ಎರಡೇ ದಿನಕ್ಕೆ ವಾಸನೆ ಬರುತ್ತದೆ. ಮಳೆಗಾಲದಲ್ಲಿ ಅವರು ಒಂದೆರಡು ಸಲದ ಬಳಕೆಗೇ ಒಗೆದು, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ ಎತ್ತಿಡಬೇಕು. ಒಗೆದ ನೀರನ್ನು ಎಲ್ಲಿ ಚೆಲ್ಲುತ್ತೀರಿ ಎಂಬುದನ್ನೂ ನೋಡಿ. ಪ್ರತಿ ಒಗೆತಕ್ಕೂ ಈ ಬಟ್ಟೆಯಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರುತ್ತವೆ. ಸೊಪ್ಪಿನ ಮಡಿಗೆ ಆ ನೀರು ಬೇಡ. ಕಡಿಮೆ ಸಲ ಒಗೆಯಿರಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಉಳಿದದ್ದು, ಒಗೆಯುವವರು ಯಾರು? ಪತ್ರ ಬರೆದ ಸಹೋದರಿ ಇದನ್ನು ಕೇಳಿಲ್ಲ, ಆದರೂ ಹೇಳುತ್ತೇನೆ. ಟವೆಲ್ ಬರೀ ನೀರು ಒರೆಸಿತೇ, ಧೂಳು ಒರೆಸಿತೇ, ನೆಲಕ್ಕೆ ಬಿದ್ದಿತೇ ಎಂಬುದು ಕಾರು ಒರೆಸಿದವರಿಗೆ ಮಾತ್ರ ಗೊತ್ತು. ಅದನ್ನು ರಾಶಿಯಲ್ಲಿ ಕಂಡವರು ಊಹೆಯ ಮೇಲೆ ಒಗೆಯಬೇಕಾಗುತ್ತದೆ, ಅದರಿಂದಲೇ ದಿನಕ್ಕೆರಡು ಸಲ ಪೌಡರ್ ಖರ್ಚಾಗುವುದು. ಅರ್ಧ ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ಹಿಂಡುವುದು ಎರಡು ನಿಮಿಷದ ಕೆಲಸ. ನೀರು ಕುಡಿದ ದೊಡ್ಡ ಟವೆಲ್ ಭಾರವೂ ಹೌದು, ಗಂಡಸಿನ ಕೈಯಲ್ಲಿ ಚೆನ್ನಾಗಿ ಹಿಂಡಲಾಗುತ್ತದೆ. ಕಾರಿನ ಪಕ್ಕದಲ್ಲೇ ಅದನ್ನು ಅವರೇ ಮುಗಿಸಿ ಹಗ್ಗಕ್ಕೆ ಹಾಕಿ ಹೋಗಲಿ. ಜಗಳವಾಡಿ ಹೇಳಬೇಕಾಗಿಲ್ಲ, ಸ್ಟೀಲ್ ತಟ್ಟೆಯ ಪರೀಕ್ಷೆಯನ್ನು ಅವರ ಮುಂದೆಯೇ ಮಾಡಿ ತೋರಿಸಿ. ನೀವು ಮಾಡಬೇಕಾದದ್ದು ಸೂಜಿ ದಾರದ ಕೆಲಸ ಮಾತ್ರ: ಮೈ ಒರೆಸುವ ಟವೆಲಿನ ಮೂಲೆಗೆ ಹಸಿರು ದಾರ, ಗಾಜಿನದಕ್ಕೆ ಬಿಳಿ, ಒಳಗಿನ ಸೀಟು ಡ್ಯಾಶ್‌ಬೋರ್ಡಿನದಕ್ಕೆ ಹಳದಿ, ಚಕ್ರದ್ದಕ್ಕೆ ಕೆಂಪು. ಹಸಿರು ದಾರದ್ದು ಹಳೆಯದಾಗಿ ಚುಚ್ಚಲು ಶುರುವಾದ ದಿನ ಆ ದಾರ ಬಿಚ್ಚಿ ಕೆಂಪು ಹಾಕಿಬಿಡಿ, ಇನ್ನೊಂದು ವರ್ಷ ಚಕ್ರಕ್ಕೆ ಬರುತ್ತದೆ.